ಜ್ವರ ಬಿಟ್ಟ ಮೇಲೆ ಕಣ್ಣು ಮಂಜಾದರೆ: ಕಣ್ಣಿನ ನರದ ಸ್ಕ್ಯಾನುಗಳನ್ನು ಅರ್ಥ ಮಾಡಿಕೊಳ್ಳುವ ಬಗೆ

ಡೆಂಗ್ಯೂನೋ, ಚಿಕೂನ್‌ಗುನ್ಯಾನೋ, ಚೀಟಿಯಲ್ಲಿ ಬರೀ ‘ವೈರಲ್ ಫೀವರ್’ ಅಂತ ಬರೆದ ಜ್ವರವೋ ಬಂದು ಹೋಗಿರುತ್ತದೆ. ಮೈಕೈ ನೋವು ಇಳಿದಿರುತ್ತದೆ, ಊಟ ಸೇರುತ್ತಿರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಒಂದು ಕಣ್ಣಿನ ನಡುವೆ ಮಬ್ಬು ಕಾಣಿಸಿಕೊಳ್ಳುತ್ತದೆ. ಕಣ್ಣು ಕೆಂಪಾಗಿಲ್ಲ, ಚುಚ್ಚುತ್ತಿಲ್ಲ. ‘ಜ್ವರದ ಸುಸ್ತು, ಸರಿಹೋಗುತ್ತೆ’ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಹೀಗೆ ಬರುವ ಮಬ್ಬಿಗೆ ಕಣ್ಣಿನ ನರದ ಊತ ಕಾರಣವಾಗಿರುವುದು ಉಂಟು. ನಮ್ಮ ಕಡೆ ಮಳೆಗಾಲದ ಜ್ವರಗಳ ಬೆನ್ನಿಗೆ ಕಣ್ಣಿನ ಆಸ್ಪತ್ರೆಗಳಲ್ಲಿ ಇಂಥವರು ಕಾಣಿಸಿಕೊಳ್ಳುತ್ತಲೇ ಇರುತ್ತಾರೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಜೋರಾಗಿ ಹಬ್ಬಿದ ಮೇಲೆ ದಕ್ಷಿಣ ಭಾರತದ ಕಣ್ಣಿನ ವೈದ್ಯರು ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ.

ಈ ಲೇಖನ ರೋಗಿಗಳಿಗೆ ಮತ್ತು ಅವರ ಜೊತೆ ಆಸ್ಪತ್ರೆಗೆ ಓಡಾಡುವ ಮನೆಯವರಿಗೆ. ಒಂದಾದ ಮೇಲೊಂದು ಸ್ಕ್ಯಾನ್ ಬರೆದುಕೊಡುತ್ತಾರೆ, ಫೈಲು ದಪ್ಪ ಆಗುತ್ತದೆ, ಯಾವುದು ಯಾಕೆ ಅಂತ ಮಾತ್ರ ತಿಳಿಯುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ಊತ ಇದೆ, ಯಾವ ಬಗೆಯ ಊತ, ಎಷ್ಟು ನಷ್ಟ ಆಗಿದೆ ಅನ್ನುವುದನ್ನು ಕಣ್ಣಿನ ಚಿತ್ರಗಳು ಚೆನ್ನಾಗಿ ತೋರಿಸುತ್ತವೆ. ಯಾವ ರೋಗಾಣು ಅನ್ನುವುದನ್ನು ತೋರಿಸುವುದು ಬಹಳ ಅಪರೂಪ. ರೋಗಾಣುವಿನ ಹೆಸರು ಸಿಗುವುದು ನೀವು ಹೇಳುವ ವಿವರದಿಂದ ಮತ್ತು ರಕ್ತ ಪರೀಕ್ಷೆಯಿಂದ. ಹಾಗಾಗಿ ನಿಮ್ಮ ಪಾಲಿನ ಕೆಲಸ ಸ್ವಲ್ಪ ಜಾಸ್ತಿಯೇ ಇದೆ.

ಮೊದಲು, ಎಲ್ಲಿ ಏನಿದೆ

ಕಣ್ಣಿನ ಒಳಗೋಡೆಯಲ್ಲಿ ರೆಟಿನಾ ಅನ್ನುವ ತೆಳು ಪದರ ಇದೆ. ಅಲ್ಲಿಂದ ಹೊರಡುವ ಸುಮಾರು 12 ಲಕ್ಷ ಎಳೆಗಳು ಒಂದೇ ಕಡೆ ಸೇರಿ ನರವಾಗಿ ಮಿದುಳಿಗೆ ಹೋಗುತ್ತವೆ. ಅವು ಸೇರುವ ಜಾಗ ಒಂದೂವರೆ ಮಿಲಿಮೀಟರಿನಷ್ಟು ಅಗಲದ ದುಂಡನೆಯ ತಟ್ಟೆ. ವೈದ್ಯರು ಅದನ್ನು ಡಿಸ್ಕ್ ಅನ್ನುತ್ತಾರೆ. ಅದರಿಂದ ಸುಮಾರು 4 ಮಿಲಿಮೀಟರ್ ದೂರದಲ್ಲಿ ಮ್ಯಾಕ್ಯುಲಾ ಇದೆ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬಳಕೆಯಾಗುವುದು ಇದೇ ಜಾಗ. ರಿಪೋರ್ಟಿನಲ್ಲಿ ಈ ಎರಡು ಪದ ಹುಡುಕಿ. ಮುಕ್ಕಾಲು ಪಾಲು ವಿಷಯ ಇವುಗಳ ಸುತ್ತಲೇ ಇರುತ್ತದೆ.

ಸೋಂಕು ನರಕ್ಕೆ ತೊಂದರೆ ಕೊಡುವ ದಾರಿ ಒಂದೇ ಅಲ್ಲ. ರೋಗಾಣು ತಾನೇ ಅಲ್ಲಿ ಸೇರಿಕೊಳ್ಳಬಹುದು. ರೋಗಾಣು ಹೋದ ಮೇಲೆ ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ನರದ ಮೇಲೆ ತಿರುಗಿ ಬೀಳಬಹುದು. ಮಿದುಳು ಪೊರೆಯ ಸೋಂಕಿನಿಂದ ತಲೆಯೊಳಗಿನ ಒತ್ತಡ ಏರಿ ಎರಡೂ ಡಿಸ್ಕ್ ಉಬ್ಬಬಹುದು. ಕೊನೆಯದು ಜನ ಮರೆಯುವಂಥದ್ದು: ಸೋಂಕಿಗೆ ಕೊಟ್ಟ ಮಾತ್ರೆಯೇ ನರವನ್ನು ಕೆಡಿಸಬಹುದು.

ಹಂತ 1: ಮನೆಯಲ್ಲಿ ಮಾಡಬೇಕಾದ್ದು

ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಕ್ಯಾಲೆಂಡರ್ ನೋಡಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಹಾಕುತ್ತದೆ. ಎಷ್ಟೋ ಜನಕ್ಕೆ ದಿನಗಟ್ಟಲೆ ಗೊತ್ತೇ ಆಗದಿರುವುದು ಇದರಿಂದ. ಕ್ಯಾಲೆಂಡರಿನ ಭಾನುವಾರದ ಕೆಂಪು ಅಂಕಿ ಎರಡೂ ಕಣ್ಣಿಗೆ ಒಂದೇ ಕೆಂಪಾಗಿ ಕಾಣುತ್ತದಾ ನೋಡಿ. ಒಂದು ಕಣ್ಣಿಗೆ ಅದು ಇಟ್ಟಿಗೆ ಬಣ್ಣಕ್ಕೋ ಮಾಸಿದ ಕಂದಿಗೋ ತಿರುಗಿದ್ದರೆ ನರದ ಕಡೆ ಅನುಮಾನ ಪಡಬೇಕು. ಕಣ್ಣು ಹೊರಳಿಸಿದಾಗ ಹಿಂದೆ ನೋವು ಎಳೆದಂತೆ ಆಗುತ್ತದಾ ಅಂತಲೂ ಗಮನಿಸಿ.

ಒಂದೆರಡು ದಿನದಲ್ಲಿ ಆಸ್ಪತ್ರೆಗೆ ಹೋಗಿ. ಆದರೆ ಈ ಕೆಳಗಿನವು ಇದ್ದರೆ ಬೆಳಗಾಗುವುದನ್ನು ಕಾಯಬೇಡಿ: ತಲೆನೋವಿನ ಜೊತೆ ವಾಂತಿ, ಕತ್ತು ಬಿಗಿತ, ಮಂಪರು, ರೆಪ್ಪೆ ಜೋತು ಬೀಳುವುದು, ಕಣ್ಣುಗುಡ್ಡೆ ಅಲ್ಲಾಡದಿರುವುದು, ಶುಗರ್ ಇರುವವರಿಗೆ ಕೆನ್ನೆ ಮರಗಟ್ಟಿ, ಮೂಗಿನಲ್ಲೋ ಅಂಗುಳಲ್ಲೋ ಕಪ್ಪು ಹಕ್ಕಳೆ ಕಾಣುವುದು.

ಹಂತ 2: ಒಂದು ಹಾಳೆ ಬರೆದಿಟ್ಟುಕೊಳ್ಳಿ

ಸ್ಕ್ಯಾನಿಗೆ ಕೊಡುವ ಗಮನ ಈ ಹಾಳೆಗೂ ಕೊಡಿ. ಜ್ವರ ಶುರುವಾದ ತಾರೀಖು, ಬಿಟ್ಟ ತಾರೀಖು, ಕಣ್ಣು ಮಂಜಾದ ತಾರೀಖು. ಈ ಮೂರರ ನಡುವಿನ ಅಂತರವೇ ಒಂದು ಸುಳಿವು. ಡೆಂಗ್ಯೂನಲ್ಲಿ ಕಣ್ಣಿನ ತೊಂದರೆ ಹೆಚ್ಚಾಗಿ ಜ್ವರ ಶುರುವಾಗಿ ಒಂದು ವಾರದ ಆಸುಪಾಸು, ಪ್ಲೇಟ್‌ಲೆಟ್ ತಳ ಮುಟ್ಟುವ ಹೊತ್ತಿಗೆ ಕಾಣಿಸುತ್ತದೆ. ಜ್ವರದ ನಂತರದ ರೆಟಿನಾ ಉರಿಯೂತ ಎರಡರಿಂದ ನಾಲ್ಕು ವಾರಕ್ಕೆ ಬರುತ್ತದೆ. ಉಣುಗು ಕಡಿತದಿಂದ ಬರುವ ರಿಕೆಟ್ಸಿಯಾ ಜ್ವರಗಳೂ ಇದರ ಹಿಂದಿರಬಹುದು.

ಇದರ ಜೊತೆಗೆ ಬರೆಯಬೇಕಾದ್ದು: ಮೈಮೇಲೆ ಗುಳ್ಳೆ ಎದ್ದಿತ್ತಾ? ಕಪ್ಪು ಹೊಪ್ಪಳೆಯ ಸಣ್ಣ ಗಾಯ ಇತ್ತಾ? ಕಾಡು, ತೋಟ, ಹುಲ್ಲುಗಾವಲಿಗೆ ಹೋಗಿದ್ದಿರಾ? ದನ, ನಾಯಿ ಮೈಯಿಂದ ಉಣುಗು ಕಿತ್ತಿದ್ದಿರಾ? ಮನೆಯಲ್ಲಿ ಬೆಕ್ಕಿನ ಮರಿ ಇದೆಯಾ, ಅದು ಪರಚಿತ್ತಾ? ಬೆಕ್ಕಿನ ಪರಚು ಗಾಯದಿಂದ ಬರುವ ಬಾರ್ಟೊನೆಲ್ಲಾ ಸೋಂಕು ಕಣ್ಣಿನ ನರದ ಊತದ ಹೆಸರಾಂತ ಕಾರಣಗಳಲ್ಲಿ ಒಂದು. ಆದರೆ ಯಾರೂ ಕೇಳದಿದ್ದರೆ ಬೆಕ್ಕಿನ ವಿಷಯವನ್ನು ಕಣ್ಣಿನ ಡಾಕ್ಟರ ಹತ್ತಿರ ಯಾರು ತಾನೇ ಹೇಳುತ್ತಾರೆ? ಹಣೆಗೋ ರೆಪ್ಪೆಗೋ ಸರ್ಪಸುತ್ತು ಆಗಿತ್ತಾ, ಟಿಬಿ ಇತ್ತಾ, ಮನೆಯಲ್ಲಿ ಯಾರಿಗಾದರೂ ಇದೆಯಾ ಅನ್ನುವುದೂ ಬೇಕು. ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆಗಳ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಮನೆಯವರ ಮುಂದೆ ಹೇಳಲು ಮುಜುಗರವಾದರೆ ಅವರನ್ನು ಎರಡು ನಿಮಿಷ ಹೊರಗೆ ಕೂರಿಸಲು ಕೇಳಿ.

ತೆಗೆದುಕೊಂಡ ಮಾತ್ರೆಗಳ ಪಟ್ಟಿಯನ್ನೂ ಸೇರಿಸಿ. ಜ್ವರಕ್ಕೆ ಕೊಟ್ಟದ್ದು, ಮೆಡಿಕಲ್ ಶಾಪಿನಿಂದ ಸುಮ್ನೆ ತಂದದ್ದು, ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಅದು, ಎಲ್ಲವನ್ನೂ.

ಹಂತ 3: ಡ್ರಾಪ್ಸ್ ಹಾಕುವ ಮುಂಚೆ

ಪಾಪೆ ಹಿಗ್ಗಿಸುವ ಡ್ರಾಪ್ಸ್ ಒಮ್ಮೆ ಹಾಕಿದರೆ ನಾಲ್ಕಾರು ಗಂಟೆ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುವುದಿಲ್ಲ. ನರದ ತೊಂದರೆಗೆ ಒಳ್ಳೆಯ ಸುಳಿವು ಸಿಗುವುದೇ ಪಾಪೆ ಕುಗ್ಗುವ ರೀತಿಯಲ್ಲಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಚೀಚೆ ಆಡಿಸುತ್ತಾರೆ. ಒಳ್ಳೆಯ ಕಣ್ಣಿಗೆ ಬೆಳಕು ಬಿದ್ದಾಗ ಎರಡೂ ಪಾಪೆ ಕುಗ್ಗುತ್ತವೆ. ಬೆಳಕು ಕೆಟ್ಟ ನರದ ಕಣ್ಣಿಗೆ ಬಂದಾಗ ಕುಗ್ಗಬೇಕಾದ ಪಾಪೆ ನಿಧಾನಕ್ಕೆ ಅರಳುತ್ತದೆ. ಬೆಳಕು ಬಿದ್ದರೂ ಪಾಪೆ ಅರಳುತ್ತಿದೆ ಅಂದರೆ ಆ ನರ ಮಿದುಳಿಗೆ ಬೆಳಕಿನ ಸುದ್ದಿಯನ್ನು ಪೂರ್ತಿ ಮುಟ್ಟಿಸುತ್ತಿಲ್ಲ ಅಂತ ಅರ್ಥ. ಮೂವತ್ತು ಸೆಕೆಂಡಿನ ಈ ಪರೀಕ್ಷೆ ಲಕ್ಷಾಂತರ ರೂಪಾಯಿಯ ಯಂತ್ರ ಹೇಳದ್ದನ್ನು ಹೇಳುತ್ತದೆ. ಎರಡೂ ಕಣ್ಣಿನ ನರ ಸಮನಾಗಿ ಕೆಟ್ಟಿದ್ದರೆ ಮಾತ್ರ ಇದು ಕೈಕೊಡಬಹುದು.

ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಬಣ್ಣದ ಪುಸ್ತಕವನ್ನೂ ಡ್ರಾಪ್ಸಿಗಿಂತ ಮುಂಚೆಯೇ ತೋರಿಸಬೇಕು. ಜನಜಂಗುಳಿಯಲ್ಲಿ ನರ್ಸ್ ಬಂದು ನೇರವಾಗಿ ಡ್ರಾಪ್ಸ್ ಹಾಕಲು ಹೊರಟರೆ, ‘ಸಿಸ್ಟರ್, ಪಾಪೆ ಮತ್ತು ಬಣ್ಣದ ಪರೀಕ್ಷೆ ಇನ್ನೂ ಆಗಿಲ್ಲ’ ಅಂತ ಮೆಲ್ಲಗೆ ನೆನಪಿಸಿ. ತಪ್ಪೇನಿಲ್ಲ.

ಇನ್ನೊಂದು, ಬಿಪಿ ನೋಡಿಸಿ. ಬಿಪಿ ವಿಪರೀತ ಏರಿದಾಗಲೂ ಡಿಸ್ಕ್ ಉಬ್ಬುತ್ತದೆ. ಮುಂದೆ ಹೇಳುವ ನಕ್ಷತ್ರದ ಗುರುತೂ ಬರುತ್ತದೆ, ಹೆಚ್ಚಾಗಿ ಎರಡೂ ಕಣ್ಣಿಗೆ. ಶುಗರ್ ಕೂಡ ನೋಡಲೇಬೇಕು.

ಹಂತ 4: ಕಣ್ಣಿನ ಒಳಗಿನ ಫೋಟೋ

ಇದು ಬರೀ ಕ್ಯಾಮೆರಾ ಫೋಟೋ. ಗಲ್ಲ ಇಟ್ಟು ಹಣೆ ಒತ್ತಿ ಕೂತರೆ ಫ್ಲ್ಯಾಶ್ ಬಡಿಯುತ್ತದೆ, ಮುಗಿಯಿತು. ಚಿತ್ರದಲ್ಲಿ ಡಿಸ್ಕ್ ತಿಳಿ ಕಿತ್ತಳೆ ಬಣ್ಣದ ವೃತ್ತದಂತೆ ಕಾಣಬೇಕು, ಅಂಚು ಸ್ಪಷ್ಟವಾಗಿರಬೇಕು. ಊದಿದ್ದರೆ ಅಂಚು ಕಲಸಿಹೋಗುತ್ತದೆ. ಅಲ್ಲಿ ಹಾಯುವ ರಕ್ತನಾಳಗಳು ಊತದಡಿ ಮುಳುಗಿ ಮತ್ತೆ ಮೇಲೆದ್ದಂತೆ ಕಾಣುತ್ತವೆ.

ಒಂದೇ ಕಣ್ಣಿನ ಡಿಸ್ಕ್ ಊದಿ ದೃಷ್ಟಿ ತೀರಾ ಇಳಿದಿದ್ದರೆ ಯೋಚನೆ ಆ ಕಣ್ಣಿನ ನರದ ಕಡೆ ಹೋಗುತ್ತದೆ. ಎರಡೂ ಊದಿದ್ದು ದೃಷ್ಟಿ ಚೆನ್ನಾಗಿಯೇ ಇದ್ದರೆ ತಲೆಯೊಳಗಿನ ಒತ್ತಡದ ಕಡೆ ಹೋಗುತ್ತದೆ. ಅಂಥವರಿಗೆ ಕಣ್ಣಿನದೇ ಮತ್ತೊಂದು ಸ್ಕ್ಯಾನ್ ಮಾಡುತ್ತಾ ಕೂರುವ ಬದಲು ಮಿದುಳಿನ ಎಂಆರ್‌ಐ ಮೊದಲಾಗಬೇಕು. ಟಿಬಿಯಿಂದ ಬರುವ ಮೆನಿಂಜೈಟಿಸ್ (ಮಿದುಳು ಪೊರೆಯ ಸೋಂಕು), ಎಚ್ಐವಿ ಇರುವವರಲ್ಲಿ ಕ್ರಿಪ್ಟೊಕಾಕಸ್ ಶಿಲೀಂಧ್ರದ ಮೆನಿಂಜೈಟಿಸ್ ಈ ರೀತಿ ಕಣ್ಣಿನ ಡಾಕ್ಟರ ಬಳಿಯೇ ಮೊದಲು ಸಿಕ್ಕಿಬೀಳಬಹುದು.

ಈಗ ನಕ್ಷತ್ರದ ವಿಷಯ. ಮ್ಯಾಕ್ಯುಲಾದ ಸುತ್ತ ಹಳದಿ ಬಿಳುಪಿನ ಸಣ್ಣ ಗೆರೆಗಳು ನಡುವಿನಿಂದ ಹೊರಗೆ ಚಾಚಿ ನಿಂತಿರುತ್ತವೆ. ರಿಪೋರ್ಟಿನಲ್ಲಿ ಇದು ‘ಮ್ಯಾಕ್ಯುಲರ್ ಸ್ಟಾರ್’. ಡಿಸ್ಕ್ ಊತ, ಜೊತೆಗೆ ಈ ನಕ್ಷತ್ರ ಎರಡೂ ಇದ್ದರೆ ಆ ರೋಗಕ್ಕೆ ನ್ಯೂರೋರೆಟಿನೈಟಿಸ್ ಅನ್ನುತ್ತಾರೆ. 1916ರಲ್ಲಿ ಜರ್ಮನಿಯ ಥಿಯೋಡೋರ್ ಲೆಬರ್ ಇದನ್ನು ವಿವರಿಸಿದಾಗ ರೆಟಿನಾದ ಕಾಯಿಲೆ ಅಂತಲೇ ತಿಳಿದಿದ್ದರು. 1977ರಲ್ಲಿ ಅಮೆರಿಕದ ಡೊನಾಲ್ಡ್ ಗ್ಯಾಸ್ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರಗಳಲ್ಲಿ ಬೇರೆಯದೇ ತೋರಿಸಿದರು. ಮ್ಯಾಕ್ಯುಲಾದ ರಕ್ತನಾಳಗಳು ಸೋರುತ್ತಲೇ ಇರಲಿಲ್ಲ. ಸೋರುತ್ತಿದ್ದದ್ದು ಡಿಸ್ಕ್. ಹೆಂಚಿನ ಮನೆಯಲ್ಲಿ ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಅಲ್ವಾ, ಹಾಗೆ. ಡಿಸ್ಕಿನಿಂದ ಸೋರಿದ ದ್ರವ ರೆಟಿನಾದ ಪದರದೊಳಗೇ ಹರಿದು ಮ್ಯಾಕ್ಯುಲಾದಲ್ಲಿ ನಿಲ್ಲುತ್ತದೆ. ನೀರಿನ ಅಂಶ ಹೀರಿಹೋದ ಮೇಲೆ ಕೊಬ್ಬಿನ ಅಂಶ ಗೆರೆಗಳಾಗಿ ಉಳಿಯುತ್ತದೆ. ಅಲ್ಲಿನ ನರದ ಎಳೆಗಳು ನಡುವಿನಿಂದ ಸುತ್ತಲೂ ಚಾಚಿರುವುದರಿಂದ ಗೆರೆಗಳೂ ಅದೇ ಜಾಡು ಹಿಡಿಯುತ್ತವೆ.

ಇದರಿಂದ ನಿಮಗೆ ಏನು ಉಪಯೋಗ? ನಕ್ಷತ್ರ ಮೂಡಲು ಸಮಯ ಬೇಕು. ಡಿಸ್ಕ್ ಊದಿ ಒಂದೆರಡು ವಾರವಾದ ಮೇಲೆ ಅದು ಕಾಣಿಸುತ್ತದೆ. ಮೊದಲ ದಿನದ ಫೋಟೋದಲ್ಲಿ ‘ಸ್ಟಾರ್ ಇಲ್ಲ’ ಅಂತ ಬರೆದಿದ್ದರೆ ಸೋಂಕಿಲ್ಲ ಅಂತ ಅರ್ಥವಲ್ಲ. ಎರಡು ವಾರದೊಳಗೆ ಮತ್ತೆ ಫೋಟೋ ತೆಗೆಸಿ. ನಕ್ಷತ್ರ ಕಂಡರೆ ಇನ್ನೊಂದು ಸಮಾಧಾನವೂ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗದ ಕಡೆಯಿಂದ ಬರುವ ನರದ ಉರಿಯೂತದಲ್ಲಿ ಈ ನಕ್ಷತ್ರ ಇರುವುದಿಲ್ಲ. ಆ ಭಯ ಬಹುಮಟ್ಟಿಗೆ ದೂರವಾಗುತ್ತದೆ.

ಡಿಸ್ಕಿನ ಆಸುಪಾಸು ಹತ್ತಿ ಅಂಟಿಸಿದಂಥ ಬಿಳಿ ಮಚ್ಚೆಗಳಿದ್ದರೆ ಜ್ವರದ ನಂತರದ ರೆಟಿನಾ ಉರಿಯೂತ ನೆನಪಾಗಬೇಕು. ಡಿಸ್ಕಿನ ಅಂಚಿಗೇ ಒತ್ತಿಕೊಂಡ ಒಂದು ಬಿಳಿ ಮಚ್ಚೆ, ಪಕ್ಕದಲ್ಲಿ ಹಳೆಯ ಕಪ್ಪು ಕಲೆ, ಅದರ ಮೇಲೆ ಮಂಜು ಕವಿದಂತೆ ಇದ್ದರೆ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ. ರೆಟಿನಾದ ಹೊರ ಅಂಚಿನಿಂದ ಬೆಳೆಯುತ್ತಾ ಬರುವ ಬಿಳುಪು ಇದ್ದರೆ ಹರ್ಪಿಸ್ ಗುಂಪಿನ ವೈರಸ್. ಇದು ದಿನದಿನಕ್ಕೂ ಹರಡುವುದರಿಂದ ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಔಷಧ ಶುರು ಮಾಡುತ್ತಾರೆ. ಅದಕ್ಕೇ ಡಿಸ್ಕಿನ ಒಂದೇ ಫೋಟೋ ಸಾಲದು, ಅಂಚಿನವರೆಗೂ ನೋಡಿರಬೇಕು.

ಹಂತ 5: ಓಸಿಟಿ

1991ರಲ್ಲಿ ಅಮೆರಿಕದ ಎಂಐಟಿಯ ತಂಡ ಪ್ರಕಟಿಸಿದ ವಿಧಾನ ಇದು. ಈಗ ಜಿಲ್ಲಾ ಕೇಂದ್ರಗಳ ಖಾಸಗಿ ಕಣ್ಣಿನ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಬೆಳಕು ರೆಟಿನಾದ ಪದರಗಳಿಂದ ವಾಪಸಾಗುವುದನ್ನು ಅಳೆದು ಅಡ್ಡಸೀಳಿದ ಚಿತ್ರ ಕಟ್ಟುತ್ತದೆ. ಈಗಿನ ಯಂತ್ರಗಳು ಸುಮಾರು 5 ಮೈಕ್ರಾನ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ಬಿಡಿಸಿ ತೋರಿಸುತ್ತವೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಚುಚ್ಚುವುದಿಲ್ಲ, ಮುಟ್ಟುವುದಿಲ್ಲ.

ಒಂದು ಸ್ಕ್ಯಾನಿಗೆ ಒಪ್ಪಬೇಡಿ, ಎರಡು ಬೇಕು: ಡಿಸ್ಕಿನದು ಮತ್ತು ಮ್ಯಾಕ್ಯುಲಾದು. ಡಿಸ್ಕಿನ ಸ್ಕ್ಯಾನ್ ಮಾತ್ರ ಮಾಡಿ ಕಳಿಸಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಯಾಕೆಂದರೆ ನಕ್ಷತ್ರ ಮೂಡುವುದಕ್ಕೆ ಎಷ್ಟೋ ದಿನ ಮುಂಚೆ ಡಿಸ್ಕಿನಿಂದ ಮ್ಯಾಕ್ಯುಲಾದ ಕಡೆ ಹರಿದು ನಿಂತ ದ್ರವ ಓಸಿಟಿಯಲ್ಲಿ ಕಪ್ಪು ಜಾಗವಾಗಿ ಕಾಣುತ್ತದೆ. ಕಣ್ಣಿಗೆ, ಫೋಟೋಗೆ ಕಾಣದ್ದು ಇಲ್ಲಿ ಸಿಗುತ್ತದೆ. ಡಿಸ್ಕಿನ ಮುಂದೆ ತೇಲುವ ಬಿಳಿ ಚುಕ್ಕೆಗಳು ಇದ್ದರೆ ಅವು ಉರಿಯೂತದ ಕಣಗಳಿರಬಹುದು. ಬರೀ ತಲೆಯ ಒತ್ತಡದಿಂದ ಊದಿದ ಡಿಸ್ಕಿನಲ್ಲಿ ಅಂಥವು ನಿರೀಕ್ಷೆಯಲ್ಲಿರುವುದಿಲ್ಲ. ಜ್ವರದ ನಂತರದ ಮಚ್ಚೆಗಳು ರೆಟಿನಾದ ಒಳಪದರದಲ್ಲಿ ಬೆಳ್ಳಗೆ ಹೊಳೆದು ಕೆಳಗೆ ನೆರಳು ಬೀಳಿಸುತ್ತವೆ. ಹಾಗಾಗಿ ರಿಪೋರ್ಟಿನಲ್ಲಿ ‘ಸಬ್‌ರೆಟಿನಲ್ ಫ್ಲೂಯಿಡ್’ (ರೆಟಿನಾದಡಿಯ ದ್ರವ), ‘ಹೈಪರ್‌ರಿಫ್ಲೆಕ್ಟಿವ್ ಡಾಟ್ಸ್’ (ಬೆಳ್ಳಗೆ ಹೊಳೆಯುವ ಚುಕ್ಕೆಗಳು) ಅನ್ನುವ ಮಾತು ಕಂಡರೆ ಅಡಿಗೆರೆ ಹಾಕಿಟ್ಟುಕೊಂಡು ಡಾಕ್ಟರನ್ನು ಕೇಳಿ.

ಇನ್ನು ಅಂಕಿಗಳ ವಿಷಯ. ಜನ ಎಡವುವುದು ಇಲ್ಲಿ. ಡಿಸ್ಕಿನ ಸುತ್ತ ನರದ ಎಳೆಗಳ ಪದರದ ದಪ್ಪ ಸರಾಸರಿ ಇಷ್ಟು ಮೈಕ್ರಾನ್ ಅಂತ ಬರೆದಿರುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಅದು 90ರಿಂದ 100ರ ಆಸುಪಾಸು. ಊದಿದ ಡಿಸ್ಕಿನಲ್ಲಿ 200 ದಾಟಬಹುದು. ಕಾಗದದ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ ಇರುತ್ತದೆ. ಈ ಬಣ್ಣಗಳು ಮುಖ್ಯವಾಗಿ ಗ್ಲಾಕೋಮಾ ಹಿಡಿಯಲು ಮಾಡಿಟ್ಟವು. ಪದರ ತೆಳ್ಳಗಾದರೆ ಕೆಂಪು ತೋರಿಸುವುದು ಅವುಗಳ ಕೆಲಸ. ಊತವನ್ನು ಅವು ಕಾಯಿಲೆ ಅಂತ ಎತ್ತಿ ತೋರಿಸುವುದಿಲ್ಲ.

ಈಗ ಊತ ಇಳಿಯುತ್ತಿದೆ ಅಂದುಕೊಳ್ಳಿ. ಮೊದಲ ವಾರ 210 ಇದ್ದದ್ದು ಐದನೇ ವಾರಕ್ಕೆ 98 ಆಯಿತು. ಪೂರ್ತಿ ಹಸಿರು. ಮನೆಯವರಿಗೆ ಖುಷಿ. ಎಂಟನೇ ವಾರಕ್ಕೆ ಅದು 70ಕ್ಕೆ ಇಳಿದು ಕೆಂಪಾಯಿತು. ‘ವಾಸಿಯಾಗಿದ್ದು ಮತ್ತೆ ಕೆಟ್ಟಿತು’ ಅಂತ ಗಾಬರಿ. ನಿಜ ಏನೆಂದರೆ ಐದನೇ ವಾರದಲ್ಲೂ ಒಳಗೆ ಎಳೆಗಳು ಸತ್ತಿದ್ದವು. ಉಳಿದ ಊತ ಆ ನಷ್ಟವನ್ನು ಮುಚ್ಚಿತ್ತು, ಅಷ್ಟೇ. 98 ಅನ್ನುವುದು ಮೇಲಿನಿಂದ ಕೆಳಗಿಳಿಯುವ ದಾರಿಯಲ್ಲಿ ಸಿಕ್ಕ ಒಂದು ಅಂಕಿ. ನಡುದಾರಿಯ ಹಸಿರನ್ನು ನಂಬಬೇಡಿ. ಮೂರರಿಂದ ಆರು ತಿಂಗಳಿಗೆ ನಿಂತ ಅಂಕಿಯೇ ಲೆಕ್ಕ.

ಅಲ್ಲಿಯವರೆಗೆ ಕಾಯಲಾಗದಿದ್ದರೆ ಮ್ಯಾಕ್ಯುಲಾ ಸ್ಕ್ಯಾನಿನ ಇನ್ನೊಂದು ಅಳತೆ ಇದೆ. ಅದು ಗ್ಯಾಂಗ್ಲಿಯಾನ್ ಜೀವಕೋಶಗಳ ಪದರ. ನರದ ಎಳೆಗಳು ಹುಟ್ಟುವುದೇ ಈ ಜೀವಕೋಶಗಳಿಂದ. ಈ ಪದರ ಡಿಸ್ಕಿನಷ್ಟು ಊದುವುದಿಲ್ಲ. ನಷ್ಟವಾಗಿದ್ದರೆ ಒಂದೆರಡು ತಿಂಗಳೊಳಗೇ ತೆಳ್ಳಗಾಗಿ ಸತ್ಯ ಹೇಳಿಬಿಡುತ್ತದೆ. ಆದರೆ ಮ್ಯಾಕ್ಯುಲಾದಲ್ಲಿ ದ್ರವ ನಿಂತಿರುವಾಗ ಈ ಅಳತೆಯೂ ಕೆಡುತ್ತದೆ. ಯಂತ್ರ ಪದರಗಳ ಗಡಿಗೆ ಬಣ್ಣದ ಗೆರೆ ಎಳೆದುಕೊಂಡು ದಪ್ಪ ಲೆಕ್ಕ ಹಾಕುತ್ತದೆ. ದ್ರವ ಇದ್ದಾಗ ಆ ಗೆರೆ ಪದರ ಬಿಟ್ಟು ಎಲ್ಲೆಲ್ಲೋ ಹಾರುತ್ತದೆ. ಪ್ರಿಂಟಿನ ಕೆಳಭಾಗದ ಅಡ್ಡಸೀಳು ಚಿತ್ರ ನೋಡಿ. ಗೆರೆ ಪದರದ ಜೊತೆಗೇ ಸಾಗಿದೆಯಾ, ಮಧ್ಯೆ ಜಿಗಿದಿದೆಯಾ ಅನ್ನುವುದು ಯಾರಿಗಾದರೂ ಕಾಣುತ್ತದೆ. ಜಿಗಿದಿದ್ದರೆ ಮೇಲಿನ ಅಂಕಿಗೆ ಬೆಲೆಯಿಲ್ಲ.

ಸಿಗ್ನಲ್ ಎಷ್ಟು ಅಂತಲೂ ಬರೆದಿರುತ್ತದೆ. 10ಕ್ಕೆ ಅಂಕ ಕೊಡುವ ಯಂತ್ರದಲ್ಲಿ 6ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ತೆಗೆಸಲು ಕೇಳಿ. ಕಣ್ಣು ಒಣಗಿದ್ದರೆ ನಾಲ್ಕು ಸಲ ರೆಪ್ಪೆ ಬಡಿದರೆ ಸರಿಹೋಗುತ್ತದೆ. ಪೊರೆ ಇದ್ದರೂ ಸಿಗ್ನಲ್ ಇಳಿಯುತ್ತದೆ. ಪೊರೆ ಇಲ್ಲ, ಕಣ್ಣು ಒಣಗಿಲ್ಲ, ಆದರೂ ಒಂದೇ ಕಣ್ಣಿನ ಸಿಗ್ನಲ್ ಕಡಿಮೆ ಬರುತ್ತಿದ್ದರೆ ಕಣ್ಣೊಳಗಿನ ಜೆಲ್ ಉರಿಯೂತದಿಂದ ಮಸುಕಾಗಿರಬಹುದು. ಆಗ ಕೆಟ್ಟ ಸ್ಕ್ಯಾನ್ ಕೂಡ ಒಂದು ಸುಳಿವು.

ಹಂತ 6: ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಚಿತ್ರ

ಇದು ಎಫ್‌ಎಫ್‌ಎ. ಕೈಯ ರಕ್ತನಾಳಕ್ಕೆ ಫ್ಲೋರೆಸಿನ್ ಅನ್ನುವ ಹಳದಿ ದ್ರವ ಕೊಡುತ್ತಾರೆ. 10-15 ಸೆಕೆಂಡಿಗೆ ಅದು ಕಣ್ಣು ತಲುಪುತ್ತದೆ. ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಎಲ್ಲಿ ಸೋರಿಕೆ ಇದೆಯೋ ಅಲ್ಲಿ ಹೊಳಪು ಹರಡುತ್ತಾ ಹೋಗುತ್ತದೆ. ಡಿಸ್ಕ್ ಸೋರುತ್ತಿದೆ, ಮ್ಯಾಕ್ಯುಲಾದ ರಕ್ತನಾಳ ಸೋರುತ್ತಿಲ್ಲ ಅಂದರೆ ಡೊನಾಲ್ಡ್ ಗ್ಯಾಸ್ ತೋರಿಸಿದ ಅದೇ ಚಿತ್ರ. ರಕ್ತನಾಳಗಳ ಉರಿಯೂತ, ರಕ್ತ ಹರಿಯದೆ ಕತ್ತಲಾದ ಜಾಗ, ಇವು ಟಿಬಿಯ ಅನುಮಾನವನ್ನು ಹೆಚ್ಚಿಸುತ್ತವೆ.

ಆದರೆ ಡಿಸ್ಕ್ ಸೋರುವುದು ಒತ್ತಡದ ಊತದಲ್ಲೂ ಉಂಟು, ಸೋಂಕಿನ ಊತದಲ್ಲೂ ಉಂಟು. ಇದೊಂದರಿಂದ ಎರಡನ್ನು ಬೇರ್ಪಡಿಸಲಾಗುವುದಿಲ್ಲ. ಫೋಟೋ, ಓಸಿಟಿ ಎರಡೂ ಸ್ಪಷ್ಟವಾಗಿದ್ದರೆ ಎಲ್ಲರಿಗೂ ಎಫ್‌ಎಫ್‌ಎ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡಿಸುವುದಾದರೆ ಅಲರ್ಜಿ, ಆಸ್ತಮಾ, ಕಿಡ್ನಿ ತೊಂದರೆ, ಬಸಿರು, ಹಾಲೂಡಿಸುವುದು ಇದ್ದರೆ ಮೊದಲೇ ಹೇಳಿ. ಸ್ವಲ್ಪ ವಾಕರಿಕೆ ಬರಬಹುದು. ಮೈ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರ ಮಾರನೇ ದಿನದವರೆಗೂ ಗಾಢ ಹಳದಿ. ಕಾಮಾಲೆ ಅಂತ ಹೆದರಬೇಡಿ.

ಹಂತ 7: ಚಿಕ್ಕಪುಟ್ಟ ಸ್ಕ್ಯಾನುಗಳು

ಬಿ-ಸ್ಕ್ಯಾನ್ ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ಒಳಗೆ ಮಂಜಾಗಿ ಏನೂ ಕಾಣದಿದ್ದಾಗ ಕೆಲಸಕ್ಕೆ ಬರುತ್ತದೆ. ಇದರ ಇನ್ನೊಂದು ಉಪಕಾರ ಬಹಳ ದೊಡ್ಡದು. ಕೆಲವರಿಗೆ ಡಿಸ್ಕಿನೊಳಗೆ ಸುಣ್ಣದ ಕಣಗಳು ಸೇರಿ ಅದು ಉಬ್ಬಿದಂತೆ ಕಾಣುತ್ತದೆ. ಬಿ-ಸ್ಕ್ಯಾನಿನಲ್ಲಿ ಆ ಕಣಗಳು ಬೆಳ್ಳಗೆ ಹೊಳೆಯುತ್ತವೆ. ಅಂಥವರಿಗೆ ಬೆನ್ನಿನ ನೀರು ತೆಗೆಯುವ ಪರೀಕ್ಷೆ ತಪ್ಪುತ್ತದೆ.

ಓಸಿಟಿ ಆಂಜಿಯೋಗ್ರಫಿ ಇಂಜೆಕ್ಷನ್ ಇಲ್ಲದೆ ರಕ್ತನಾಳ ತೋರಿಸುತ್ತದೆ, ಆದರೆ ಸೋರಿಕೆ ತೋರಿಸುವುದಿಲ್ಲ. ರೋಗ ಹಿಡಿಯಲು ಇದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಹಂತ 8: ಕಣ್ಣೊಳಗೆ ಏನೂ ಇಲ್ಲದಿದ್ದರೆ ಎಂಆರ್‌ಐ

ನರದ ಹೆಚ್ಚಿನ ಭಾಗ ಇರುವುದು ಕಣ್ಣುಗುಡ್ಡೆಯ ಹಿಂದೆ. ಅಲ್ಲಿ ಉರಿಯೂತವಾದರೆ ಫೋಟೋ, ಓಸಿಟಿ ಎರಡೂ ನಾರ್ಮಲ್. ದೃಷ್ಟಿ ಕೆಟ್ಟಿದೆ, ಪಾಪೆ ಪರೀಕ್ಷೆಯಲ್ಲಿ ತೊಂದರೆ ಕಾಣುತ್ತಿದೆ, ಚಿತ್ರ ಚೆನ್ನಾಗಿದೆ ಅಂದರೆ ಮುಂದಿನ ನಿಲ್ದಾಣ ಎಂಆರ್‌ಐ.

ಚೀಟಿಯಲ್ಲಿ ಏನು ಬರೆದಿದೆ ನೋಡಿಕೊಳ್ಳಿ. ಬರೀ ‘ಎಂಆರ್‌ಐ ಬ್ರೇನ್’ ಅಂತಿದ್ದರೆ ಕಣ್ಣಿನ ನರ ಸರಿಯಾಗಿ ಸಿಗದೇ ಹೋಗಬಹುದು. ಮಿದುಳು ಮತ್ತು ಕಣ್ಣುಗೂಡು ಎರಡೂ ಬೇಕು, ಕಾಂಟ್ರಾಸ್ಟ್ ಇಂಜೆಕ್ಷನ್ ಸಮೇತ, ನರದ ಸುತ್ತಲಿನ ಕೊಬ್ಬಿನ ಹೊಳಪನ್ನು ತಗ್ಗಿಸುವ ವಿಧಾನದಲ್ಲಿ. ಇಂಜೆಕ್ಷನ್ನಿಗೆ ಮುಂಚೆ ಕ್ರಿಯಾಟಿನಿನ್ ಅನ್ನುವ ಕಿಡ್ನಿ ಪರೀಕ್ಷೆಯ ರಿಪೋರ್ಟು ಕೇಳುತ್ತಾರೆ. ಅದನ್ನು ಮೊದಲೇ ಮಾಡಿಸಿಟ್ಟರೆ ಒಂದು ದಿನ ಉಳಿಯುತ್ತದೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಷ್ಟು ಜನರ ಕಣ್ಣು ತೆಗೆದುಕೊಂಡಿತು ಅನ್ನುವುದು ನಮಗೆಲ್ಲ ನೆನಪಿದೆ. ಶುಗರ್ ಜಾಸ್ತಿ, ಸ್ಟೀರಾಯ್ಡ್ ಬಳಕೆ ಎರಡೂ ಸೇರಿದ್ದವರೇ ಹೆಚ್ಚು. ಮೂಗಿನ ಪಕ್ಕದ ಸೈನಸ್‌ನಿಂದ ಶಿಲೀಂಧ್ರ ಕಣ್ಣುಗೂಡಿಗೆ ನುಗ್ಗಿ ನರದ ರಕ್ತನಾಳವನ್ನೇ ಮುಚ್ಚಿಬಿಡುತ್ತದೆ. ಈ ಅನುಮಾನ ಇದ್ದಾಗ ಓಸಿಟಿಗೆ ಸಾಲಿನಲ್ಲಿ ಕೂರುವುದು ಸಮಯ ಹಾಳು. ಇಎನ್‌ಟಿ ವೈದ್ಯರು ಅದೇ ದಿನ ಮೂಗಿನೊಳಗೆ ನೋಡಿ ಮಾದರಿ ತೆಗೆಯಬೇಕು, ಎಂಆರ್‌ಐ ಆಗಬೇಕು.

ಹಂತ 9: ಚಿತ್ರಕ್ಕೆ ತಕ್ಕ ರಕ್ತ ಪರೀಕ್ಷೆ

ಇಪ್ಪತ್ತು ಪರೀಕ್ಷೆಯ ಪ್ಯಾಕೇಜು ಬೇಡ. ಆದರೆ ಸಿಫಿಲಿಸ್ ಪರೀಕ್ಷೆ ಎಲ್ಲರಿಗೂ ಬೇಕು, ವಯಸ್ಸು, ಮದುವೆ, ಮರ್ಯಾದೆ ನೋಡದೆ. ಅದು ಯಾವ ರೂಪದಲ್ಲಾದರೂ ಬರುತ್ತದೆ ಮತ್ತು ಪೆನಿಸಿಲಿನ್‌ಗೆ ಬಗ್ಗುತ್ತದೆ. ಬರೀ ವಿಡಿಆರ್‌ಎಲ್ ಅನ್ನುವ ರಕ್ತ ಪರೀಕ್ಷೆ ಸಾಲದು, ಹಳೆಯ ಸೋಂಕಿನಲ್ಲಿ ಅದು ನೆಗೆಟಿವ್ ಬರಬಹುದು. ಟಿಪಿಎಚ್ಎ ಅನ್ನುವ ಪರೀಕ್ಷೆ ಕೂಡ ಬೇಕು. ಪಾಸಿಟಿವ್ ಬಂದರೆ ಎಚ್ಐವಿ ಪರೀಕ್ಷೆ ಕಡ್ಡಾಯ. ಕಣ್ಣಿಗೆ ಬಂದ ಸಿಫಿಲಿಸ್‌ಗೆ ಮಿದುಳಿನ ಸಿಫಿಲಿಸ್‌ಗೆ ಕೊಡುವಂತೆ 10ರಿಂದ 14 ದಿನ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಡುತ್ತಾರೆ. ಸೊಂಟಕ್ಕೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೆ ಮುಗಿಯುವುದಿಲ್ಲ.

ಟಿಬಿಯಲ್ಲಿ ಮಾಂಟೂ (ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ) ಪಾಸಿಟಿವ್ ಅಂದ ಮಾತ್ರಕ್ಕೆ ಕಣ್ಣಿನ ಟಿಬಿ ಅಲ್ಲ. ನಮ್ಮ ದೇಶದಲ್ಲಿ ಪಾಸಿಟಿವ್ ಬರುವವರು ಬೇಕಾದಷ್ಟಿದ್ದಾರೆ. ಎದೆಯ ಎಕ್ಸ್‌ರೇ ಅಥವಾ ಸಿಟಿ, ಕಣ್ಣಿನ ಚಿತ್ರ, ಬೇರೆ ಕಾರಣಗಳನ್ನು ಬದಿಗಿಟ್ಟದ್ದು, ಇವೆಲ್ಲ ಸೇರಿದರೆ ಮಾತ್ರ ತೂಕ. ಟಾಕ್ಸೊಪ್ಲಾಸ್ಮಾದಲ್ಲಿ ಐಜಿಜಿ ಅನ್ನುವ ಆಂಟಿಬಾಡಿ ಪಾಸಿಟಿವ್ ಅಂದರೆ ಯಾವಾಗಲೋ ಸೋಂಕು ತಗಲಿತ್ತು ಅಂತಷ್ಟೇ. ಅದು ನೆಗೆಟಿವ್ ಬಂದರೆ ಆ ರೋಗ ಇರುವ ಸಾಧ್ಯತೆ ಕಡಿಮೆ. ರಿಕೆಟ್ಸಿಯಾಗೆ ಮಾಡುವ ವೈಲ್-ಫೆಲಿಕ್ಸ್ ಅಷ್ಟು ನಂಬುವಂಥದ್ದಲ್ಲ. ಐಜಿಎಂ ಎಲೈಸಾ ಸಿಕ್ಕರೆ ಒಳ್ಳೆಯದು. ಗುಳ್ಳೆ, ಉಣುಗು, ಬಿಳಿ ಮಚ್ಚೆ ಮೂರೂ ಸೇರಿದ್ದರೆ ಡಾಕ್ಸಿಸೈಕ್ಲಿನ್ ಕೊಡುವುದಕ್ಕೆ ವೈದ್ಯರು ಆ ರಿಪೋರ್ಟಿಗೆ ಕಾಯಲಿಕ್ಕಿಲ್ಲ.

ಎಲ್ಲ ನೆಗೆಟಿವ್ ಬಂದರೆ ಮಾಗ್ ಮತ್ತು ಅಕ್ವಾಪೊರಿನ್-4 ಆಂಟಿಬಾಡಿ ಪರೀಕ್ಷೆ ಬರೆಯುತ್ತಾರೆ. ಇವು ಹಿಡಿಯುವುದು ಸೋಂಕಿನಿಂದಲ್ಲದ ನರದ ಉರಿಯೂತಗಳನ್ನು. ಆ ಉರಿಯೂತಗಳು ಜ್ವರದ ಬೆನ್ನಿಗೇ ಬಂದು ಗೊಂದಲ ಮಾಡುವುದೂ ಉಂಟು.

ಹಂತ 10: ಸ್ಟೀರಾಯ್ಡ್‌ಗೆ ಮುಂಚೆ ಒಂದು ಪ್ರಶ್ನೆ

ನರದ ಊತ ಅಂದ ಕೂಡಲೇ ಸ್ಟೀರಾಯ್ಡ್ ಮಾತು ಬರುತ್ತದೆ. ಕೆಲವು ರೋಗಗಳಲ್ಲಿ ಅದೇ ಕಣ್ಣು ಉಳಿಸುತ್ತದೆ. ಸಿಫಿಲಿಸ್, ಟಿಬಿ, ಹರ್ಪಿಸ್, ಶಿಲೀಂಧ್ರ ಇದ್ದಾಗ ರೋಗಾಣುವಿನ ಔಷಧ ಇಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೆ ರಹದಾರಿ ಕೊಟ್ಟಂತೆ. ‘ಸೋಂಕು ಇಲ್ಲ ಅಂತ ಖಾತ್ರಿಯಾಗಿದೆಯಾ ಡಾಕ್ಟ್ರೇ? ಇದ್ದರೆ ಅದಕ್ಕೂ ಔಷಧ ಶುರುವಾಗಿದೆಯಾ?’ ಅಂತ ಕೇಳಿ. ಜ್ವರ ಬಂದು ಹೋದದ್ದನ್ನು ಆಗ ಇನ್ನೊಮ್ಮೆ ಹೇಳಿ.

ಹಂತ 11: ಮತ್ತೆ ಮತ್ತೆ ತೆಗೆಸುವ ಚಿತ್ರಗಳು

ಮೊದಲ ದಿನ, ಎರಡನೇ ವಾರ, ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು, ಹೀಗೆ ಓಸಿಟಿ ಇದ್ದರೆ ಸಾಕು. ಅದೇ ಕಂಪನಿಯ ಯಂತ್ರದಲ್ಲಿ ತೆಗೆಸಿ. ಒಂದು ಯಂತ್ರದ 90 ಇನ್ನೊಂದರ 90 ಅಲ್ಲ. ಊರು ಬದಲಾಯಿಸಿದರೆ ಮೊದಲಿನ ಯಂತ್ರದ ಹೆಸರು ಬರೆದಿಟ್ಟುಕೊಳ್ಳಿ, ಪ್ರಿಂಟಿನ ಮೂಲೆಯಲ್ಲೇ ಇರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಮೊಬೈಲ್ ಫೋಟೋದಲ್ಲಿ ಅಡ್ಡಸೀಳು ಚಿತ್ರದ ವಿವರ ಹಾಳಾಗುತ್ತದೆ. ಪಿಡಿಎಫ್ ಕೇಳಿ ಪಡೆಯಿರಿ.

ಟಿಬಿ ಔಷಧ ನುಂಗುತ್ತಿರುವವರಿಗೆ ಇನ್ನೊಂದು ಮಾತು. ನಮ್ಮ ಸರ್ಕಾರಿ ಚಿಕಿತ್ಸೆಯಲ್ಲಿ ಎಥಾಂಬುಟಾಲ್ ಆರು ತಿಂಗಳೂ ಇರುತ್ತದೆ. ಕೆಲವರಲ್ಲಿ, ಸಾಮಾನ್ಯವಾಗಿ ಎರಡು ತಿಂಗಳು ದಾಟಿದ ಮೇಲೆ, ಅದೇ ಎರಡೂ ಕಣ್ಣಿನ ನರವನ್ನು ನಿಧಾನಕ್ಕೆ ಕೆಡಿಸುತ್ತದೆ. ನೋವಿಲ್ಲ, ಡಿಸ್ಕ್ ಊತವಿಲ್ಲ, ಮೊದಮೊದಲು ಫೋಟೋ, ಓಸಿಟಿ ಎರಡೂ ನಾರ್ಮಲ್ ಇರಬಹುದು. ಕೆಂಪು, ಹಸಿರು ಬಣ್ಣ ಮಾಸುವುದು ಮೊದಲ ಸೂಚನೆ. ಕಿಡ್ನಿ ತೊಂದರೆ ಇರುವವರಿಗೆ ಅಪಾಯ ಜಾಸ್ತಿ. ಔಷಧ ನಿರೋಧಕ ಟಿಬಿಗೆ ಕೊಡುವ ಲಿನೆಜೋಲಿಡ್ ಕೂಡ ಹೀಗೇ ಮಾಡಬಲ್ಲದು. ಟಿಬಿಯೇ ಕಣ್ಣಿಗೆ ಬಂತು ಅಂತ ಇನ್ನೂ ಮಾತ್ರೆ ಏರಿಸುವ ಮುಂಚೆ, ಮಾತ್ರೆಯಿಂದಲೇ ಬಂತಾ ಅಂತ ನೋಡಲೇಬೇಕು. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಅದೇ ದಿನ ಟಿಬಿ ಕೇಂದ್ರದವರಿಗೆ ಫೋನ್ ಮಾಡಿ ತಿಳಿಸಿ. ಔಷಧ ಶುರು ಮಾಡುವ ವಾರವೇ ಒಮ್ಮೆ ದೃಷ್ಟಿ, ಬಣ್ಣ, ಓಸಿಟಿ ಮಾಡಿಸಿಟ್ಟರೆ ಮುಂದೆ ಹೋಲಿಸಿ ನೋಡಲು ಒಂದು ಹಳೆಯ ಕಾಗದ ಕೈಯಲ್ಲಿರುತ್ತದೆ.